ಎದುರು ನಿಂತವಳು: ಡಿಜಿಟಲ್ ಪಿನ್-ಅಪ್ ಚಿತ್ರಗಳಲ್ಲಿ ರೂಪದರ್ಶಿಯ ಪ್ರಶ್ನೆ

ಗಣಕಯಂತ್ರದ ಪರದೆಯ ಮೇಲೆ ಮೂಡಿದ ಮೊದಲ ಮಾನವಾಕೃತಿ ಯಾವುದು ಎಂಬ ಪ್ರಶ್ನೆಗೆ ಈವರೆಗೆ ದೊರೆತಿರುವ ಉತ್ತರ ವಿದ್ವತ್ ವಲಯಕ್ಕೆ ಕೊಂಚ ಮುಜುಗರ ತರುವಂಥದು. ಸೋವಿಯತ್ ಬಾಂಬರುಗಳ ಮೇಲೆ ಕಣ್ಣಿಡಲೆಂದು 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ಕಟ್ಟಿಸಿದ 'ಸೇಜ್' ರಕ್ಷಣಾ ಜಾಲದ ಯಂತ್ರದೊಳಕ್ಕೆ, ರಂಧ್ರ ಕೊರೆದ ಕಾರ್ಡುಗಳ ಮೂಲಕ, ಯಾರೋ ಒಂದು ಹೆಣ್ಣಿನ ರೇಖಾಚಿತ್ರವನ್ನು ತುಂಬಿಸಿದ್ದರು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದು ಬಳಕೆಯಾಗುತ್ತಿತ್ತಂತೆ. 1959ರ ಸುಮಾರಿಗೆ ಅಲ್ಲಿದ್ದ ಸೈನಿಕನೊಬ್ಬ ಪರದೆಯನ್ನು ಪೋಲರಾಯ್ಡ್ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರಿಂದ ಆ ಚಿತ್ರ ಉಳಿದಿದೆ. ಜಾರ್ಜ್ ಪೆಟ್ಟಿ ಎಂಬ ಚಿತ್ರಕಾರ 'ಎಸ್ಕ್ವೈರ್' ಪತ್ರಿಕೆಯ 1956ರ ಕ್ಯಾಲೆಂಡರಿನ ಡಿಸೆಂಬರ್ ಪುಟಕ್ಕೆ ಬರೆದ ಸುಂದರಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ಆ ರೇಖೆಗಳ ಮೂಲ ಯಾವುದೆಂದು ವಿವರಿಸಬೇಕಾಗಿಲ್ಲ. ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಡುವ ಚಿತ್ರ ಎಂಬ ಅರ್ಥದಲ್ಲಿ 'ಪಿನ್-ಅಪ್' ಎಂಬ ಹೆಸರು ಪಡೆದ ಪ್ರಕಾರ, ಹೀಗೆ, ಡಿಜಿಟಲ್ ಚಿತ್ರಕಲೆಯ ತೊಟ್ಟಿಲಿನಲ್ಲೇ ಮಲಗಿತ್ತು.

ಇದೊಂದು ಆಕಸ್ಮಿಕ ಎಂದು ಬಿಟ್ಟುಬಿಡಬಹುದಿತ್ತು, ಲೆನಾ ಪ್ರಕರಣ ನಡೆಯದೆ ಇದ್ದಿದ್ದರೆ. 1973ರಲ್ಲಿ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರಿಗೆ ಚಿತ್ರಸಂಸ್ಕರಣೆಯ ಪರೀಕ್ಷೆಗಾಗಿ ಒಂದು ಹೊಸ ಮಾದರಿ ಚಿತ್ರ ಬೇಕಾಗಿತ್ತು. ಕೈಗೆ ಸಿಕ್ಕಿದ್ದು 'ಪ್ಲೇಬಾಯ್' ಪತ್ರಿಕೆಯ 1972ರ ನವೆಂಬರ್ ಸಂಚಿಕೆಯ ನಡುಪುಟ. ಸ್ವೀಡನ್ನಿನ ಯುವತಿಯೊಬ್ಬಳು ಗರಿ ಸಿಕ್ಕಿಸಿದ ಟೋಪಿ ಧರಿಸಿ, ಕನ್ನಡಿಯ ಮುಂದೆ ನಿಂತು, ತಿರುಗಿ ನೋಡುತ್ತಿರುವ ಆ ಚಿತ್ರದ ಮೇಲ್ಭಾಗವನ್ನಷ್ಟೇ ಅವರು ಸ್ಕ್ಯಾನ್ ಮಾಡಿಕೊಂಡರು. 512 ಅಡ್ಡ 512 ಬಿಂದುಗಳ ಆ ಚೌಕ ಮುಂದೆ ಅರ್ಧ ಶತಮಾನ ಕಾಲ ಈ ಶಾಸ್ತ್ರದ ಅಸಂಖ್ಯ ಪ್ರಬಂಧಗಳಲ್ಲಿ ಸಂಚರಿಸಿತು. ಎಂಜಿನಿಯರುಗಳು ಅದರಲ್ಲಿ ಕಂಡದ್ದು ಗರಿಯ ಸೂಕ್ಷ್ಮ ಎಳೆಗಳನ್ನು, ಭುಜದ ನುಣುಪನ್ನು, ಕನ್ನಡಿಯ ಅಂಚನ್ನು. ಹೆಗಲಿನ ಕೆಳಗೆ ಕತ್ತರಿಸಿದ ಕೂಡಲೇ ಪಿನ್-ಅಪ್ 'ದತ್ತಾಂಶ'ವಾಯಿತು. 1991ರಲ್ಲಿ ಆ ಚಿತ್ರ ವಿಜ್ಞಾನ ನಿಯತಕಾಲಿಕವೊಂದರ ಮುಖಪುಟಕ್ಕೆ ಬಂದಾಗ ಪ್ರಕಾಶನ ಸಂಸ್ಥೆ ತನ್ನ ಹಕ್ಕುಸ್ವಾಮ್ಯದ ಮಾತೆತ್ತಿ, ಕೊನೆಗೆ ಸುಮ್ಮನಾಯಿತು. ಚಿತ್ರದಲ್ಲಿದ್ದವಳಿಗೂ ಒಂದು ಹಕ್ಕಿರಬಹುದೆಂಬ ಮಾತು ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಐಇಇಇ ಸಂಸ್ಥೆಯ ಕಂಪ್ಯೂಟರ್ ವಿಭಾಗ ಆ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುವುದಿಲ್ಲವೆಂದು ತೀರ್ಮಾನಿಸಿದ್ದು 2024ರ ಏಪ್ರಿಲ್ 1ರಿಂದ.

ಈ ಎರಡು ಘಟನೆಗಳನ್ನು ಮೊದಲಿಗೇ ಇಡಲು ಕಾರಣವಿದೆ. ಇಂದು ಪರದೆಗಳ ಮೇಲೆ ಹರಿದಾಡುವ ಕತ್ತಿ ಹಿಡಿದ ಯೋಧೆಯರು, ರೆಕ್ಕೆಯುಳ್ಳ ಅಪ್ಸರೆಯರು, ಲೋಹಮೈಯ ಸುಂದರಿಯರು ಇವರನ್ನೆಲ್ಲ ಕುರಿತು ಅವುಗಳ ರಚನಕಾರರೂ ಅಭಿಮಾನಿಗಳೂ ಮುಂದಿಡುವ ಸಮರ್ಥನೆ ಒಂದೇ: ಇಲ್ಲಿ ಯಾವ ಹೆಣ್ಣೂ ನಿಂತಿಲ್ಲ, ಇದು ಶುದ್ಧ ಕಲ್ಪನೆ, ಹಾಗಾಗಿ ಯಾರಿಗೂ ಅನ್ಯಾಯವಾಗಿಲ್ಲ. ಜಾನ್ ಬರ್ಜರ್ 1972ರಲ್ಲಿ, ಲಾರಾ ಮಲ್ವಿ 1975ರಲ್ಲಿ ಎತ್ತಿದ ಪ್ರಶ್ನೆಗಳು ನೋಡುವವನನ್ನು ಕುರಿತವು. ಆತನ ನೋಟವನ್ನು ಚಿತ್ರ ಹೇಗೆ ಮೊದಲೇ ಊಹಿಸಿಕೊಂಡಿರುತ್ತದೆ ಎಂಬುದನ್ನು ಕುರಿತವು. ಆ ಚರ್ಚೆಯನ್ನು ನಮ್ಮ ವಿಮರ್ಶೆಯೂ ಸಾಕಷ್ಟು ಬಳಸಿಕೊಂಡಿದೆ, ಕೆಲವೊಮ್ಮೆ ಸವೆಯುವಷ್ಟು. ನನಗೆ ಇಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ತುದಿ. ಯಾರೂ ನಿಂತಿಲ್ಲವೆಂಬ ಮಾತು ನಿಜವೇ?

ಕುಂಚದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕಷ್ಟವಿರಲಿಲ್ಲ. ಅಮೆರಿಕದ ಮಿನೆಸೋಟಾ ಸಂಸ್ಥಾನದ ಬ್ರೌನ್ ಅಂಡ್ ಬಿಗೆಲೋ ಎಂಬ ಕ್ಯಾಲೆಂಡರ್ ಕಂಪನಿಗಾಗಿ ದುಡಿದ ಗಿಲ್ ಎಲ್ವ್‌ಗ್ರೆನ್ ಮೊದಲು ರೂಪದರ್ಶಿಯನ್ನು ನಿಲ್ಲಿಸಿ ಛಾಯಾಚಿತ್ರ ತೆಗೆದು, ಆಮೇಲೆ ತೈಲವರ್ಣದಲ್ಲಿ ಬಿಡಿಸುತ್ತಿದ್ದ. ಅವನ ಚಿತ್ರಗಳಲ್ಲಿ ಯಾವಾಗಲೂ ಒಂದು ನೆಪವಿರುತ್ತದೆ: ನಾಯಿಯ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ, ಲಂಗ ಬೇಲಿಗೆ ಸಿಕ್ಕಿಕೊಳ್ಳುತ್ತದೆ, ಗಾಳಿ ಬೀಸುತ್ತದೆ. ಹುಡುಗಿ ಅಯ್ಯೋ ಎಂಬಂತೆ ಬಾಯಿ ತೆರೆದು ನಮ್ಮತ್ತ ನೋಡುತ್ತಾಳೆ. ನೋಡುವವನು ಕದ್ದು ನೋಡುತ್ತಿಲ್ಲ, ಆಕಸ್ಮಿಕವಾಗಿ ಕಂಡ ಎಂದು ಚಿತ್ರವೇ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಆ ಛಾಯಾಚಿತ್ರಗಳೂ ವರ್ಣಚಿತ್ರಗಳೂ ಇಂದು ಒಟ್ಟಿಗೆ ಪ್ರಕಟವಾಗಿವೆ. ಅಕ್ಕಪಕ್ಕ ಇಟ್ಟು ನೋಡಿದರೆ ಕಾಲು ಎಷ್ಟು ಉದ್ದವಾಯಿತು, ಸೊಂಟ ಎಷ್ಟು ಕಿರಿದಾಯಿತು, ಕಣ್ಣು ಎಷ್ಟು ಅರಳಿತು ಎಂದು ಅಳೆಯಬಹುದು. ಛಾಯಾಚಿತ್ರದಲ್ಲಿ ಸ್ಟೂಲಿನ ಮೇಲೆ ಸಮತೋಲನಕ್ಕಾಗಿ ಹೆಣಗುತ್ತಿರುವ ಒಬ್ಬ ಹೆಣ್ಣುಮಗಳಿದ್ದಾಳೆ. ವರ್ಣಚಿತ್ರದಲ್ಲಿ ಆ ಹೆಣಗಾಟ ಮಾಯವಾಗಿದೆ. ಎಲ್ವ್‌ಗ್ರೆನ್‌ನ ಕಲೆ ಎಂದು ನಾವು ಕರೆಯುವುದು ಈ ಎರಡರ ನಡುವಿನ ಅಂತರವನ್ನು. ಅದು ಶ್ಲಾಘ್ಯವೋ ಅಲ್ಲವೋ ಎಂಬುದು ಬೇರೆ ಮಾತು. ಆದರೆ ಅಂತರ ಕಣ್ಣಿಗೆ ಕಾಣುವಂತಿದೆ ಎಂಬುದೇ ವಿಮರ್ಶಕನ ಭಾಗ್ಯ.

ಅದೇ ಕಂಪನಿಗೆ ಚಿತ್ರ ಬರೆದ ಜೋ಼ಯಿ ಮೊಜರ್ಟ್ ಬಹಳಷ್ಟು ಸಲ ತನಗೆ ತಾನೇ ರೂಪದರ್ಶಿ. ಕನ್ನಡಿಯ ಮುಂದೆ ಭಂಗಿಯಲ್ಲಿ ನಿಂತು ತನ್ನನ್ನು ತಾನೇ ಬರೆದುಕೊಂಡಳು. ಅಲ್ಬೆರ್ಟೊ ವಾರ್ಗಾಸ್‌ಗೆ ಹೆಂಡತಿ ಆ್ಯನಾ ಮೇ ರೂಪದರ್ಶಿಯಾಗಿದ್ದಳು. ವಾರ್ಗಾಸ್‌ನ ಹೆಸರಿನ ಕೊನೆಯ ಅಕ್ಷರ ಕಿತ್ತು 'ವಾರ್ಗಾ' ಎಂದು ಮಾಡಿ ಎಸ್ಕ್ವೈರ್ ಪತ್ರಿಕೆ ಅದನ್ನು ತನ್ನ ಮುದ್ರೆಯಾಗಿಸಿಕೊಂಡಿತು. ಆತ ನ್ಯಾಯಾಲಯದಲ್ಲಿ ಸೋತು ತನ್ನದೇ ಹೆಸರಿನ ಮೇಲಿನ ಹಕ್ಕು ಕಳೆದುಕೊಂಡ. ಚಿತ್ರಕಾರನ ಹೆಸರಿಗೇ ಈ ಗತಿ ಬಂದಾಗ ರೂಪದರ್ಶಿಯರ ಹೆಸರನ್ನು ಯಾರು ಬರೆದಿಡಬೇಕು?

ಕನ್ನಡಿ ಎಂದೊಡನೆ ನಮಗೆ ಬೇಲೂರಿನ ದರ್ಪಣಸುಂದರಿ ನೆನಪಾಗುವುದು ಸಹಜ. ಭಾರತೀಯ ಪರಂಪರೆಯಲ್ಲಿಯೂ ಇದೆಲ್ಲ ಇತ್ತು ಎಂದು ತೋರಿಸಲು ಆಕೆಯನ್ನು ಎಳೆದು ತರುವ ಚಪಲ ನನಗಿಲ್ಲ. ಮದನಿಕೆಗಳಿಗೂ ಕ್ಯಾಲೆಂಡರ್ ಸುಂದರಿಯರಿಗೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಆದರೆ ಒಂದು ಸಂಗತಿ ಕುತೂಹಲದ್ದು. ಆ ಮದನಿಕೆಗಳ ಕೆಳಗೆ ದಾಸೋಜ, ಚಾವಣರಂಥ ಶಿಲ್ಪಿಗಳ ಹೆಸರು ಕೆತ್ತಿದೆ. ರೂಪದರ್ಶಿಯ ಹೆಸರು ಎಲ್ಲಿಯೂ ಇಲ್ಲ. ಆದರೂ ಅದು ಶಾಂತಲೆಯೇ ಎಂದು ಜನ ನಂಬುತ್ತಾರೆ, ಮಾರ್ಗದರ್ಶಿಗಳು ಹೇಳುತ್ತಾರೆ. ಶಾಸನದ ಆಧಾರವಿಲ್ಲದ ಮಾತು ಎಂದು ಇತಿಹಾಸಕಾರರು ತಳ್ಳಿಹಾಕಬಹುದು. ಎದುರಿಗೆ ಯಾರೋ ನಿಂತಿರಲೇಬೇಕೆಂಬ ಜನಸಾಮಾನ್ಯರ ಹಟ ಮಾತ್ರ ನನಗೆ ತಪ್ಪೆಂದು ತೋರುವುದಿಲ್ಲ.

ಬೇಲಿ, ನಾಯಿ, ಗಾಳಿಯ ನೆಪಗಳ ಜಾಗದಲ್ಲಿ ಪುರಾಣವನ್ನು ತಂದದ್ದು ಫ್ಯಾಂಟಸಿ ಚಿತ್ರಕಲೆ. 1966ರಿಂದ ಕೋನನ್ ಕಥೆಗಳ ಅಗ್ಗದ ಆವೃತ್ತಿಗಳಿಗೆ ಫ್ರಾಂಕ್ ಫ್ರಾಜೆಟಾ ಬರೆದ ಮುಖಪುಟಗಳಲ್ಲಿ ಹೆಣ್ಣಿನ ಬೆತ್ತಲೆಗೆ ಕಾರಣ ಕೊಡಬೇಕಾಗಿಲ್ಲ; ಅದು ಇತಿಹಾಸಪೂರ್ವ ಲೋಕ, ಅಷ್ಟೇ. ಪೆರುವಿನಿಂದ ಬಂದ ಬೋರಿಸ್ ವಲೇಜೊ, ಅವನ ಪತ್ನಿಯೂ ಸ್ವತಃ ದೇಹದಾರ್ಢ್ಯ ಸ್ಪರ್ಧಿಯೂ ಆಗಿದ್ದ ಜೂಲಿ ಬೆಲ್ ಇದನ್ನು ಎಣ್ಣೆ ಸವರಿದ ಸ್ನಾಯುಗಳ ಲೋಕವಾಗಿ ವಿಸ್ತರಿಸಿದರು. ಜಪಾನಿನ ಹಾಜಿಮೆ ಸೊರಯಾಮ 1983ರಲ್ಲಿ ಪ್ರಕಟಿಸಿದ 'ಸೆಕ್ಸಿ ರೋಬೋಟ್' ಸಂಕಲನದಲ್ಲಿ ಚರ್ಮವನ್ನೇ ತೆಗೆದು ಕ್ರೋಮಿಯಂ ಹೊದಿಸಿದ. ಏರ್‌ಬ್ರಷ್‌ನಲ್ಲಿ ಮಾಡಿದ ಆ ಚಿತ್ರಗಳು ಇಂದು ನೋಡುವಾಗ ಗಣಕಯಂತ್ರದಲ್ಲೇ ಆದವೇನೋ ಎನ್ನಿಸುತ್ತವೆ.

ಆದರೆ ಪುರಾಣವನ್ನು ನೆಪವಾಗಿಸುವ ಈ ಉಪಾಯವನ್ನು ಅಮೆರಿಕನ್ನರಿಂದ ನಾವು ಕಲಿಯಬೇಕಾಗಿರಲಿಲ್ಲ. ವಿಶ್ವಾಮಿತ್ರ-ಮೇನಕೆಯರನ್ನು ರವಿವರ್ಮ ಎಷ್ಟೋ ಮೊದಲೇ ಚಿತ್ರಿಸಿದ್ದ. ನಾವು ಅವರಿಂದ ಪಡೆದದ್ದು ಬೆಳಕನ್ನು. ಈ ಮಾತಿಗೆ ಕಲಬುರಗಿಯ ಎಸ್. ಎಂ. ಪಂಡಿತರಿಗಿಂತ ಸ್ಪಷ್ಟ ನಿದರ್ಶನವಿಲ್ಲ. ಮುಂಬಯಿಯಲ್ಲಿ ಮೆಟ್ರೊ ಚಿತ್ರಮಂದಿರಕ್ಕಾಗಿ ಹಾಲಿವುಡ್ ಚಿತ್ರಗಳ ಪ್ರಚಾರಫಲಕ ಬರೆಯುತ್ತ ಅವರು ಆ ಮಿನುಗು, ಕೆನ್ನೆಯಂಚಿನ ಆ ಹಿಂಬೆಳಕು, ಅರೆಮುಚ್ಚಿದ ರೆಪ್ಪೆ ಇವುಗಳನ್ನು ಕೈವಶ ಮಾಡಿಕೊಂಡರು. ಮುಂದೆ ಅವರ ಪೌರಾಣಿಕ ಕ್ಯಾಲೆಂಡರುಗಳ ನಾಯಿಕೆಯರ ಮೇಲೆ ಬಿದ್ದದ್ದು ಅದೇ ಸ್ಟುಡಿಯೋ ಬೆಳಕು. ಗೋವೆಯಿಂದ ಬಂದ ದೀನಾನಾಥ ದಲಾಲ್, ರಘುವೀರ ಮುಳಗಾಂವಕರ್ ಮರಾಠಿ ಪತ್ರಿಕೆಗಳ ಮುಖಪುಟದಲ್ಲಿ ಮಾಡಿದ್ದೂ ಇದರ ಸೋದರ ಕೆಲಸ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಓದುಗರಿಗೆ ಮರಾಠಿ ದೀಪಾವಳಿ ಸಂಚಿಕೆ ಹೊಸದೇನಲ್ಲ. ಕಾಜ್ರಿ ಜೈನ್ ಅವರ 2007ರ ಅಧ್ಯಯನ ಈ ಬಜಾರು ಚಿತ್ರಗಳನ್ನು ಗಂಭೀರ ಚರ್ಚೆಗೆ ತಂದಿತು. ಕಲಬುರಗಿಯಲ್ಲಿ ಪಂಡಿತರ ಹೆಸರಿನ ರಂಗಮಂದಿರವಿದೆ. ಕನ್ನಡದಲ್ಲಿ ಅವರ ಬೆಳಕಿನ ಮೂಲವನ್ನು ಕುರಿತ ವಿಮರ್ಶೆ ಮಾತ್ರ ಇನ್ನೂ ಹೆಸರಿಗಷ್ಟೇ ಇದೆ.

ಇನ್ನು ಯಂತ್ರಕ್ಕೆ ಬರೋಣ. ಲ್ಯಾರಿ ವೈನ್‌ಬರ್ಗ್ ರೂಪಿಸಿದ 'ಪೋಸರ್' ಎಂಬ ತಂತ್ರಾಂಶ 1995ರಲ್ಲಿ ಹೊರಬಂತು. ಚಿತ್ರಕಲಾ ಶಾಲೆಗಳಲ್ಲಿ ಭಂಗಿ ಅಭ್ಯಾಸಕ್ಕೆ ಇಟ್ಟಿರುವ ಕೀಲುಗಳುಳ್ಳ ಮರದ ಗೊಂಬೆಯ ಬದಲಿಗೆ ಒಂದು ಡಿಜಿಟಲ್ ಗೊಂಬೆ ಕೊಡಬೇಕೆಂಬುದಷ್ಟೇ ಅದರ ಉದ್ದೇಶವಾಗಿತ್ತು. ಗೊಂಬೆಯನ್ನು ನೋಡಿ ಮನುಷ್ಯರನ್ನು ಬರೆಯಬೇಕಾಗಿದ್ದವರು ಬಹುಬೇಗ ಗೊಂಬೆಯನ್ನೇ ಚಿತ್ರವಾಗಿಸಿದರು. 2000ದ ಹೊತ್ತಿಗೆ ಅಮೆರಿಕದ ಯೂಟಾ ಸಂಸ್ಥಾನದ ಡ್ಯಾಜ್ ಎಂಬ ಕಂಪನಿಯ 'ವಿಕ್ಟೋರಿಯಾ' ಎಂಬ ಹೆಣ್ಣುಮಾದರಿ ಮಾರುಕಟ್ಟೆಗೆ ಬಂದಿತ್ತು. ಹೊಸ ಹೊಸ ಆವೃತ್ತಿಗಳಲ್ಲಿ ಅವಳು ಇಂದಿಗೂ ಮುಂದುವರಿದಿದ್ದಾಳೆ. ವ್ಯಾಪಾರದ ಸೂತ್ರ ಸರಳ. ಮೂಲದೇಹ ಅಗ್ಗ, ಅಥವಾ ಉಚಿತ. ಕೂದಲು, ಉಡುಪು, ಭಂಗಿ, ಚರ್ಮ, ಹಿನ್ನೆಲೆಯ ಕೋಟೆಕೊತ್ತಲ ಎಲ್ಲಕ್ಕೂ ಬೇರೆ ಬೇರೆ ಬೆಲೆ. ಚಿತ್ರಕಾರನೆಂಬಾತ ಇವುಗಳನ್ನು ಕೊಂಡು ತಂದು ಜೋಡಿಸಿ, ದೀಪ ಹಚ್ಚಿ, ಕ್ಯಾಮೆರಾ ಇಟ್ಟು, ಯಂತ್ರ ಲೆಕ್ಕ ಮುಗಿಸುವವರೆಗೆ ಕಾಯುತ್ತಾನೆ. ಬಿಡಿಸುವುದಕ್ಕಿಂತ ಇದು ನಾಟಕ ಕಂಪನಿಯ ಯಜಮಾನಿಕೆಗೆ ಹತ್ತಿರ. 2015ರಲ್ಲಿ ಭೌತಶಾಸ್ತ್ರದ ನಿಯಮಗಳಂತೆ ಬೆಳಕನ್ನು ಎಣಿಸುವ 'ಐರೇ' ವಿಧಾನ ಡ್ಯಾಜ್‌ನ ತಂತ್ರಾಂಶಕ್ಕೆ ಸೇರಿದ ಮೇಲೆ ಚರ್ಮದ ಪದರಗಳಲ್ಲಿ ಬೆಳಕು ಹೊಕ್ಕು ಹೊರಬರುವುದೂ ಸಾಧ್ಯವಾಯಿತು. ಕಿವಿಯ ಹಾಲೆ ದೀಪದ ಎದುರು ಕೆಂಪಾಗುತ್ತದೆ.

ಆ ಚರ್ಮದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೂರು ಆಯಾಮದ ದೇಹಕ್ಕೆ ಬಣ್ಣ ಹೊದಿಸಲು ಅದರ ಮೇಲ್ಮೈಯನ್ನು ಸೀಳಿ, ಬಿಚ್ಚಿ, ಚೌಕಾಕಾರದ ಹಾಳೆಗಳ ಮೇಲೆ ಚಪ್ಪಟೆಯಾಗಿ ಹರಡುತ್ತಾರೆ: ಒಂದರಲ್ಲಿ ಮುಖ, ಒಂದರಲ್ಲಿ ಮುಂಡ, ಒಂದರಲ್ಲಿ ಕೈಕಾಲು. ಮಾರಾಟಕ್ಕಿರುವ ನೈಜವೆನ್ನಿಸುವ ಚರ್ಮಗಳಲ್ಲಿ ಅನೇಕವು ಕೈಬರಹದಿಂದ ಹುಟ್ಟಿದವಲ್ಲ. ನೆರಳು ಬೀಳದ ಸಮಬೆಳಕಿನಲ್ಲಿ ಒಬ್ಬ ಹೆಣ್ಣನ್ನು ನಿಲ್ಲಿಸಿ, ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆದು, ಆ ತುಣುಕುಗಳನ್ನು ಹೊಲಿದು ಮಾಡಿದವು. ರೋಮರಂಧ್ರಗಳು, ಮೊಣಕೈಯ ಸುಕ್ಕು, ತುಟಿಯ ಗೀರು ಯಾರವೋ ಆಗಿವೆ. ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಯವರು ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ ಬಣ್ಣ ಹಾಕುತ್ತಾರೆ. ಚರ್ಮ ಯಾವುದರದೆಂದು ಕೇಳಿದರೆ ಹೇಳುತ್ತಾರೆ. ಇಲ್ಲಿ ಅದನ್ನು ಕೇಳುವ ರೂಢಿಯೇ ಇಲ್ಲ. ಚರ್ಮದ ಕಡತಕ್ಕೆ ಒಂದು ಕಾಲ್ಪನಿಕ ಹೆಸರಿರುತ್ತದೆ, ತಯಾರಿಸಿದವರ ಹೆಸರಿರುತ್ತದೆ, ಪರವಾನಗಿಯ ಷರತ್ತುಗಳಿರುತ್ತವೆ. ಎಲ್ವ್‌ಗ್ರೆನ್‌ನ ಛಾಯಾಚಿತ್ರದಂತೆ ಪಕ್ಕದಲ್ಲಿಟ್ಟು ಅಂತರ ಅಳೆಯಲು ಇಲ್ಲಿ ಇನ್ನೊಂದು ಚಿತ್ರವಿಲ್ಲ. ಕಲ್ಪನೆಯೆಂದು ಕರೆಯಲಾಗುತ್ತಿರುವ ಈ ದೇಹದ ಹೊರಪದರ ವಾಸ್ತವದಲ್ಲಿ ಎಲ್ವ್‌ಗ್ರೆನ್‌ನ ಬಣ್ಣಕ್ಕಿಂತ ಹೆಚ್ಚು ನಿಜವಾದದ್ದು ಎಂಬ ವಿಪರ್ಯಾಸವನ್ನು ನಾನಂತೂ ಬಹಳ ತಡವಾಗಿ ಗ್ರಹಿಸಿದೆ.

ಒಳಗಿನ ಅಚ್ಚಿನ ಕಥೆ ಬೇರೆ. 2011ರಲ್ಲಿ ಡ್ಯಾಜ್ 'ಜೆನೆಸಿಸ್' ಎಂಬ ಒಂದೇ ಮೂಲದೇಹ ತಂದಿತು. ಗಂಡು, ಹೆಣ್ಣು, ಮಗು, ದೈತ್ಯ ಎಲ್ಲವೂ ಅದರಿಂದಲೇ ಅರಳಬೇಕು. ವಿಕ್ಟೋರಿಯಾ ಎಂಬವಳು ಆಗ ಒಂದು ದೇಹವಾಗಿ ಉಳಿಯದೆ ಆ ಮೂಲದೇಹದ ಮೇಲಿನ ಕೆಲವು ಅಂಕಿಗಳ ಜೋಡಣೆಯಾದಳು. 2013ರಲ್ಲಿ ಮತ್ತೆ ಹೆಣ್ಣು-ಗಂಡು ಅಚ್ಚುಗಳು ಬೇರೆಯಾದವು. 2022ರಲ್ಲಿ ಮತ್ತೆ ಒಂದಾದವು. ಲಿಂಗಸಿದ್ಧಾಂತದ ತರಗತಿಯಲ್ಲಿ ನಾವು ವರ್ಷಗಟ್ಟಲೆ ಚರ್ಚಿಸುವುದನ್ನು ಒಂದು ಅಂಗಡಿ ದಾಸ್ತಾನಿನ ಅನುಕೂಲಕ್ಕಾಗಿ ಮೂರು ಸಲ ತಿರುವುಮುರುವು ಮಾಡಿತು. ಆದರೆ ಪ್ರತಿ ಆವೃತ್ತಿಯಲ್ಲೂ ತಂತ್ರಾಂಶ ತೆರೆದಾಗ ಮೊದಲು ಕಾಣುವ ದೇಹ ಒಂದಿರುತ್ತದೆ, ಉಳಿದ ದೇಹಗಳೆಲ್ಲ ಅದರಿಂದ ಎಷ್ಟು ದೂರ ಸರಿದಿವೆ ಎಂಬ ಅಳತೆಗಳಾಗಿರುತ್ತವೆ. ದಪ್ಪಗಿರುವುದು ಒಂದು ಅಳತೆ, ಮುಪ್ಪು ಒಂದು ಅಳತೆ, ಆಫ್ರಿಕಾದ ಅಥವಾ ಏಷ್ಯಾದ ಮುಖಚಹರೆ ಒಂದು ಅಳತೆ. ಪಠ್ಯಪುಸ್ತಕದ ಕನ್ನಡವೇ ಭಾಷೆ, ನಮ್ಮ ಮನೆಯ ಕನ್ನಡ ಅದರ ಅಪಭ್ರಂಶ ಎಂದು ಕೇಳುತ್ತ ಬೆಳೆದ ಗಡಿನಾಡಿನವರಿಗೆ ಡಿಫಾಲ್ಟ್ ಎಂಬುದರ ಅಧಿಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಯಾರನ್ನೂ ನಿಷೇಧಿಸುವುದಿಲ್ಲ. ಬೇರೆ ಇರಬೇಕಾದರೆ ಪ್ರತಿಸಲವೂ ಹೆಚ್ಚುವರಿ ಶ್ರಮ ಪಡಬೇಕಾಗುತ್ತದೆ, ಅಷ್ಟೇ. ಆಸೆ ಸೋಮಾರಿಯಾದಾಗ ಅಂಗಡಿಯ ಆಯ್ಕೆಯೇ ನಮ್ಮ ಕಲ್ಪನೆಯಾಗುತ್ತದೆ. ಸಾವಿರಾರು ಮಂದಿ ಬೇರೆ ಬೇರೆ ದೇಶಗಳಲ್ಲಿ ಕುಳಿತು ರಚಿಸಿದ ಯಕ್ಷಿಣಿಯರ ಮುಖ ಒಂದೇ ಎನ್ನಿಸುವುದು ನೋಡುವವರ ಕಣ್ಣಿನ ದೋಷವಲ್ಲ.

ಎದುರುವಾದವನ್ನು ಅಲಕ್ಷಿಸುವುದು ನ್ಯಾಯವಲ್ಲ. ಮಾರಿಯಾ ಎಲೆನಾ ಬುಸ್ಜೆಕ್ 2006ರ ತಮ್ಮ ಕೃತಿಯಲ್ಲಿ ಪಿನ್-ಅಪ್ಪಿನ ಇತಿಹಾಸವನ್ನು ಸ್ತ್ರೀವಾದದ ಇತಿಹಾಸದ ಜೊತೆಗಿಟ್ಟು ಓದಿ, ಹೆಂಗಸರೇ ಈ ಪ್ರಕಾರವನ್ನು ತಮ್ಮ ದನಿಗಾಗಿ ಬಳಸಿಕೊಂಡ ಬಗೆಯನ್ನು ತೋರಿಸಿದ್ದಾರೆ. ಮೊಜರ್ಟಳ ಕನ್ನಡಿಯಲ್ಲೇ ಅದಕ್ಕೆ ಸಾಕ್ಷಿಯಿದೆ. ಡಿಜಿಟಲ್ ಲೋಕದಲ್ಲೂ ಹೆಣ್ಣುಮಕ್ಕಳು ಈ ಚಿತ್ರಗಳನ್ನು ರಚಿಸುತ್ತಾರೆ, ಕೊಳ್ಳುತ್ತಾರೆ. ಕೈಯಿಂದಲೇ ಪರದೆಯ ಮೇಲೆ ಬಿಡಿಸುವವರ ಕೆಲಸವಂತೂ ಬೇರೆಯೇ ಮಟ್ಟದ್ದು. 'ಆರ್ಟ್‌ಜರ್ಮ್' ಎಂಬ ಹೆಸರಿನ ಸಿಂಗಪುರದ ಸ್ಟ್ಯಾನ್ಲಿ ಲಾವ್ ಅಮೆರಿಕದ ಕಾಮಿಕ್ಸ್ ಮುಖಪುಟಗಳಿಗೆ ಬರೆಯುವ ನಾಯಿಕೆಯರ ಹೊಳಪು ನನಗೆ ಬೇಗ ದಣಿವು ತರುತ್ತದೆ. ಪಂಡಿತರ ಹಿಂಬೆಳಕು ಅಲ್ಲಿ ವಾರ್ನಿಷ್ ಆಗಿದೆ. 'ಲೋಯಿಷ್' ಎಂಬ ಹೆಸರಿನ ಡಚ್ ಕಲಾವಿದೆ ಲೋಯಿಸ್ ಫಾನ್ ಬಾರ್ಲೆ ಅವರ ಹೆಣ್ಣುಗಳು ಹಾಗಲ್ಲ. ಆ ರೇಖೆಯಲ್ಲಿ ಆತುರವಿದೆ, ಬಣ್ಣ ಗೆರೆ ದಾಟುತ್ತದೆ, ಅವರ ನಾಯಿಕೆಯರು ಹಲವು ಸಲ ತಮ್ಮದೇ ಯೋಚನೆಯಲ್ಲಿರುತ್ತಾರೆ, ನೋಡುಗನ ಅನುಮತಿಗೆ ಕಾದಿರುವುದಿಲ್ಲ. ಅಲ್ಲಿ ರೂಪದರ್ಶಿ ಇಲ್ಲವೆಂದರೆ ನಂಬಬಹುದು; ಕೈ ಕಲಿತದ್ದನ್ನು ನೆನಪಿನಿಂದ ಬರೆದಿದೆ.

ಆ ಕೈಯನ್ನೂ ಈಗ ಕಳಚಿಹಾಕಲಾಗಿದೆ. 2022ರ ಆಗಸ್ಟಿನಲ್ಲಿ 'ಸ್ಟೇಬಲ್ ಡಿಫ್ಯೂಷನ್' ಸಾರ್ವಜನಿಕ ಬಳಕೆಗೆ ಬಂದ ಮೇಲೆ ಒಂದು ಸಾಲು ಬರೆದರೆ ಸಾಕು, ರಾಣಿಯೂ ರಾಕ್ಷಸಿಯೂ ಮೂಡುತ್ತಾರೆ. ಇಂಥ ವ್ಯವಸ್ಥೆಗಳನ್ನು ಪಳಗಿಸಲು ನೆರವಾದ 'ಲಯಾನ್' ಸಂಗ್ರಹದ ದೊಡ್ಡ ಆವೃತ್ತಿಯಲ್ಲಿ 500 ಕೋಟಿಗೂ ಹೆಚ್ಚು ಚಿತ್ರ-ಶೀರ್ಷಿಕೆ ಜೋಡಿಗಳ ಕೊಂಡಿಗಳಿವೆ. ಪೋಲೆಂಡಿನ ಫ್ಯಾಂಟಸಿ ಚಿತ್ರಕಾರ ಗ್ರೆಗ್ ರುಟ್ಕೋವ್‌ಸ್ಕಿ ತನ್ನ ಹೆಸರೇ ಒಂದು ಆಜ್ಞಾಪದವಾಗಿ ಬಳಕೆಯಾಗುತ್ತಿರುವುದನ್ನು ಕಂಡು ಆಕ್ಷೇಪವೆತ್ತಿದ. 2023ರ ಜನವರಿಯಲ್ಲಿ ಸಾರಾ ಆ್ಯಂಡರ್ಸನ್, ಕೆಲಿ ಮೆಕರ್ನನ್, ಕಾರ್ಲಾ ಒರ್ಟಿಜ್ ಎಂಬ ಮೂವರು ಕಲಾವಿದರು ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. ವಾರ್ಗಾಸ್‌ನ ವ್ಯಾಜ್ಯ ಮತ್ತೆ ನ್ಯಾಯಾಲಯಕ್ಕೆ ಬಂದಂತಾಯಿತು, ಈ ಸಲ ಬಹುವಚನದಲ್ಲಿ. ಚಿತ್ರಕಾರರ ಪರ ವಾದಿಸಲು ಇಂದು ವಕೀಲರಿದ್ದಾರೆ, ಇರಬೇಕಾದದ್ದೇ. ಆದರೆ ಆ ಕೋಟಿಗಟ್ಟಲೆ ಚಿತ್ರಗಳಲ್ಲಿ ಮದುವೆ ಮನೆಯಲ್ಲಿ, ಸಮುದ್ರದಂಡೆಯಲ್ಲಿ, ಅಂಗಡಿಯ ಜಾಹೀರಾತಿನಲ್ಲಿ ನಿಂತ ಹೆಂಗಸರೂ ಇದ್ದಾರೆ. ಯಾವ ಕೆನ್ನೆ ಯಾರದೆಂದು ಅಲ್ಲಿ ಬಿಡಿಸಿ ಹೇಳುವುದೇ ಅಸಾಧ್ಯ. ಲೆನಾಳನ್ನು ಹೆಗಲಿಗೆ ಕತ್ತರಿಸಿದವರು ಅವಳ ಹೆಸರನ್ನಾದರೂ ಉಳಿಸಿದ್ದರು.

2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದೆಂದು ಹರಡಿದ ಒಂದು ದೃಶ್ಯ ದೊಡ್ಡ ಸುದ್ದಿಯಾಯಿತು. ಕಪ್ಪು ಉಡುಪಿನ ಹೆಣ್ಣೊಬ್ಬಳು ಲಿಫ್ಟಿನೊಳಗೆ ಬರುತ್ತಾಳೆ. ಮುಖ ರಶ್ಮಿಕಾ ಅವರದು, ದೇಹ ಇನ್ನೊಬ್ಬರದು. ರಶ್ಮಿಕಾ ತಮಗಾದ ನೋವನ್ನು ಬಹಿರಂಗವಾಗಿ ಹೇಳಿಕೊಂಡರು, ದೆಹಲಿ ಪೊಲೀಸರು ಪ್ರಕರಣ ದಾಖಲಿಸಿದರು, ಹಲವರು ಬೆಂಬಲಕ್ಕೆ ನಿಂತರು. ಎಲ್ಲವೂ ಉಚಿತವೇ. ಆ ದಿನಗಳ ವರದಿಗಳನ್ನು ಈಗ ಮತ್ತೆ ಓದುವಾಗ ಗಮನಕ್ಕೆ ಬರುವುದು, ಕದ್ದದ್ದು ಏನು ಎಂಬುದಕ್ಕೆ ಅವು ಬಹುಮಟ್ಟಿಗೆ ಮುಖವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದವು ಎಂಬುದು. ಲಿಫ್ಟಿನೊಳಗೆ ನಿಜವಾಗಿ ನಡೆದು ಬಂದಿದ್ದವಳು ಬ್ರಿಟನ್ನಿನ ಭಾರತೀಯ ಮೂಲದ ಒಬ್ಬ ಯುವತಿ. ತನ್ನ ದೃಶ್ಯವನ್ನು ತಾನೇ ಹಂಚಿಕೊಂಡಿದ್ದಳು. ಈ ಕೃತ್ಯದಲ್ಲಿ ತನ್ನ ಪಾತ್ರವಿಲ್ಲವೆಂದೂ, ಇದರಿಂದ ತಾನು ತೀವ್ರವಾಗಿ ಕಳವಳಗೊಂಡಿದ್ದೇನೆಂದೂ ಆಕೆ ಹೇಳಿಕೆ ಕೊಡಬೇಕಾಯಿತು.